ಗುಂ ಅನ್ನೋ ಗಿಟಾರಿನ ಗಾಬರಿಗಳು

ಬೇಸ್ ಗಿಟಾರ್ ಮಾಡೋ ಜಾಗದಾಗ ಎರಡು ಸಾಮಾನು ಯಾವಾಗ್ಲೂ ಬಿದ್ದಿರ್ತಾವ: ಒಂದು ಕಟಗಿ ಹೊಟ್ಟು, ಇನ್ನೊಂದು ಗಾಬರಿ. ಹೊಟ್ಟು ಸಂಜೀಕ ಕಸಬರಗಿಗೆ ಹೋಗ್ತಿತ್ತು. ಗಾಬರಿ ಮಾತ್ರ ಮರುದಿನ ಮತ್ತ ಹಾಜರ್!

ಎಂಬತ್ತರ ದಶಕದ ಕೊನೀಗೆ ನಾನು ಗೋವಾದ ಫೋಂಡಾದಾಗ ಬಾಗಿಲಾ, ಕಿಡಕಿ ಮಾಡೋ ಬಡಗಿ. ಅಲ್ಲಿ ಕೆಲಸ ನಿಂತ ಮ್ಯಾಲ ಮಡಗಾಂವದಾಗ ಒಬ್ರು ಗೋವಾದವರ ಹತ್ರ ಸೇರಿದೆ. ಗಿರಾಕಿ ಹೇಳಿದಂಗ ಒಂದೊಂದೇ ಕರೆಂಟಿನ ಬೇಸ್ ಗಿಟಾರ್ ಕೈಲೇ ಮಾಡೋರು ಅವರು. ನಾಕು ದಪ್ಪ ತಂತಿ, ಗುಂ ಅನ್ನೋ ದನಿ. ಎಲ್ಲಾರೂ ಅವರಿಗೆ ಪಾತ್ರಾಂವ್, ಅಂದ್ರ ಧಣಿ, ಅಂತಿದ್ರು.

೧. ಬಾಗಿಲಾ ಬಡಿದದ್ದು

ಮೊದಲನೇ ದಿನಾನ ಪಾತ್ರಾಂವ್ ಒಂದು ಹಲಗಿಗೆ ಕಿವಿ ಹಚ್ಚಿ ಟಕ್ ಟಕ್ ಬಡಿದ್ರು.

"ಹಲಸು ದುಂಡಗ ನುಡೀತೈತಿ, ಸಾಗವಾನಿ ನೆಟ್ಟಗ. ಕುತ್ತಿಗಿ ಮ್ಯಾಲ ಬೀಟಿ ಕಟಗಿ ಪಟ್ಟಿ ಕೂಡಿಸಿದ್ರ ದನಿ ಚೂಪಾಗ್ತೈತಿ. ನಿನಗೇನು ಕೇಳಸ್ತು?"

ನನಗ ಗಾಬರಿ ಆತು. ಇಷ್ಟು ವರ್ಷ ಕಟಗಿ ಕೊಯ್ದಿದ್ದೆ, ಅದು ಮಾತಾಡ್ತೈತಿ ಅಂತ ಯಾರೂ ಹೇಳಿರಲಿಲ್ಲ!

ಸಂಜೀಕ ಮನಿಗೆ ಬಂದಾವ ನಮ್ಮ ಬಾಗಿಲಕ್ಕೇ ಕಿವಿ ಹಚ್ಚಿ ಬಡಿಯಾಕತ್ತೆ. "ತೆರದೈತ್ರಿ, ಬರ್ರಿ" ಅಂತ ಒಳಗಿಂದ ಹೆಂಡ್ತಿ ಕೂಗಿದ್ಲು. ನಾ ಇನ್ನೊಂದು ಮೂಲಿ ಬಡದೆ. ಹೊರಗ ಬಂದಾಕಿ ನನ್ನ ನೋಡಿ ಹೌಹಾರಿದ್ಲು.

"ಏನ್ರಿ ಇದು?"

"ಸುಮ್ನಿರು, ಬಾಗಿಲಾ ಏನೋ ಹೇಳಾಕತ್ತೈತಿ."

"ಹೌದ್ರಿ. ಕಾಲು ತೊಳಕೊಂಡು ಒಳಗ ಬಾ ಅನ್ನಾಕತ್ತೈತಿ."

೨. ಭೂಕಂಪ

ಲಗ್ನದ ಬ್ಯಾಂಡಿನಾಗ ಬಾರಸೋ ಸಾಲಿ ಮಾಸ್ತರೊಬ್ರು ಗಿರಾಕಿ. ಹಲಸಿನ ಮೈ, ಬೀಟಿ ಪಟ್ಟಿ ಬೇಕಂದ್ರು. "ದನಿ ತುಪ್ಪದಂಗ ಇಳೀಬೇಕು, ಆದ್ರ ಮೆಣಸಿನಕಾಯಿ ಹಂಗ ಹತ್ತಬೇಕು."

ಗಿಟಾರ್ ತಯಾರಾದ ದಿನ ಮಾಸ್ತರ್ ಅದನ್ನ ದೊಡ್ಡ ಸ್ಪೀಕರಿಗೆ ಹಚ್ಚಿ, ಎಲ್ಲಾದಕ್ಕಿಂತ ದಪ್ಪ ತಂತಿ ಮೀಟಿದ್ರು. ಹಲಗಿ ಮ್ಯಾಲಿನ ಮೊಳಿ ಡಬ್ಬಿಗಳು ಒಂದರ ಹಿಂದೊಂದು ನಡಕೋತ ಹೋಗಿ ಕೆಳಗ ಹಾರಿದ್ವು. ಬಾಜೂಕಿನ ದರ್ಜಿ ಅಂಗಡಿಯಿಂದ "ಭೂಕಂಪ! ಭೂಕಂಪ!" ಅಂತ ಒಬ್ಬಾತ ರಸ್ತಾಕ್ಕ ಓಡಿ ಬಂದ. ಅಳತಿ ನೋಡಾಕ ಹಾಕ್ಕೊಂಡಿದ್ದ ಪ್ಯಾಂಟಿಗೆ ಇನ್ನೂ ಒಂದ ಕಾಲು ಹೊಲದಿದ್ರು. ಹಿಂದ ಟೇಪು ಹಿಡಕೊಂಡು ದರ್ಜಿ.

ನಾನು, ಪಾತ್ರಾಂವ್ ಮೊಳಿ ಆರಸಾಕ ಬಗ್ಗಿದ್ವಿ. ಮಾಸ್ತರ್ ಮಾತ್ರ ಮುಚ್ಚಿದ ಕಣ್ಣು ತೆರೀದನ ಅಂದ್ರು:

"ಚಲೋ ಐತಿ. ಇನ್ನೊಂಚೂರು ಜೋರ ಬೇಕಾಗಿತ್ತು."

೩. ಮಾಯಿಯ ಟೇಬಲ್

ಆ ಮಾಸ್ತರರ ತಂಗೀದು ಲಗ್ನ ನಿಕ್ಕಿ ಆತು. ಆ ದಿನಕ್ಕ ಹಲಸು, ಸಾಗವಾನಿ ಕೂಡಿಸಿದ ಹೊಸಾ ಗಿಟಾರ್ ಬೇಕಂದ್ರು. ಪಾತ್ರಾಂವ್ ಇಂಥಾ ಗಿಟಾರಿಗಂತನ ಅಟ್ಟದ ಮ್ಯಾಲ ಭಾಳ ವರ್ಷ ಒಣಗಿಸಿದ್ದ ಹಲಸಿನ ಹಲಗಿ ಇಟ್ಟಿದ್ರು. ಇಳಸಾಕ ಹತ್ತಿದ್ರ ಅಟ್ಟ ಖಾಲಿ!

ಹಿತ್ತಲದಾಗ ಪಾತ್ರಾಂವ್ ಅವರ ತಾಯಿ, ನಾವೆಲ್ಲಾ ಮಾಯ್ ಅಂತಿದ್ವಿ, ಸ್ನಾನದ ನೀರು ಕಾಸಾಕತ್ತಿದ್ರು.

"ಎಂಥಾ ಚಲೋ ಕಟಗಿಪಾ," ಅಂದ್ರು. "ಒಂದೀಟೂ ಹೊಗಿ ಇಲ್ಲ!"

ಪಾತ್ರಾಂವ್ ಅಲ್ಲೇ ನೆಲದ ಮ್ಯಾಲ ಕುಂತುಬಿಟ್ರು. ಹಸಿ ಕಟಗಿ ನಡ್ಯಾಂಗಿಲ್ಲ, ಲಗ್ನ ಹತ್ರ ಬಂದೈತಿ, ಮಾತು ಕೊಟ್ಟಾಗೈತಿ. ಸಂಗತಿ ತಿಳಿದ ಮ್ಯಾಲ ಮಾಯಿಯ ಮುಖಾನೂ ಬಿಳಚಿತು. ಒಳಗ ಹೋಗಿ ಊಟದ ಟೇಬಲ್ ಮ್ಯಾಲಿನ ಬಟ್ಟಿ ಎಳದ್ರು.

"ಇದೂ ಹಲಸಿಂದ. ನನ್ನ ಲಗ್ನದಾಗ ಬಂದದ್ದು. ಕೊಯ್ಯಿ."

ನಾ ಗರಗಸ ತಂದು ಕೊಯ್ಯಾಕ ನಿಂತೆ.

ಲಗ್ನದ ದಿನ ಮಾಸ್ತರ್ ಆ ಹೊಸಾ ಗಿಟಾರಿನ ಮೊದಲನೇ ತಂತಿ ಮೀಟಿದ್ರು. ಅಂಥಾ ದುಂಡನೆ ದನಿ ನಾನು ಕೇಳೇ ಇರಲಿಲ್ಲ. ಕುಣಿಯೋರು ನಿಂತು ನೋಡಿದ್ರು. ಪಾತ್ರಾಂವ್ ಕಣ್ಣಾಗ ನೀರು. ಮಾಸ್ತರ್ ಸ್ಟೇಜಿನಿಂದ ಕೆಳಗಿಳಿದು ಮಾಯಿಯ ಕೈ ಹಿಡಕೊಂಡ್ರು.

"ಮಾಯ್, ನಿಮ್ಮ ಟೇಬಲ್ ಕಟಗಿಗೆ ಇಂಥಾ ದನಿ ಹೆಂಗ ಬಂತು?"

"ಬರದ ಇರ್ತೈತೇನು?" ಅಂದ್ರು ಮಾಯ್. "ನನ್ನ ಗಂಡ ಜನ್ಮ ಪೂರಾ ಮೀನಿನ ಸಾರಿಗೆ ಉಪ್ಪಿಲ್ಲ ಅಂತ ಅದರ ಮ್ಯಾಲೇ ಗುದ್ದಿದ. ಆ ಗುದ್ದು ತಾಳಕ್ಕ ಸರಿಯಾಗಿ ಬಿದ್ದದ್ದು ಇವತ್ತೇ!"