ಐದು ವೋಲ್ಟಿನ ಅತಿಥಿ ಸತ್ಕಾರ

ಆ ಭಾನುವಾರ ಹಲ್ಲುಜ್ಜುವ ಹೊತ್ತಿಗೇ ಸೋಮಲಿಂಗಪ್ಪನವರಿಗೆ ಸಾಕುಸಾಕಾಗಿತ್ತು. ಹಿಂದಿನ ದಿನ ಕರೆಂಟು ಹೋಗಿ ಬಂದ ರಭಸಕ್ಕೆ ಮೊಬೈಲಿನ ಚಾರ್ಜರ್ ಸುಟ್ಟು ಕರಕಲಾಗಿತ್ತು. ಮನೆಗೆಲ್ಲ ಇದ್ದದ್ದು ಅದೊಂದೇ ಮೊಬೈಲು. (ಲ್ಯಾಂಡ್‌ಲೈನನ್ನು ‘ಇನ್ನೇಕೆ ಈ ಹಳೇ ಡಬ್ಬ’ ಎಂದು ವಾಪಸು ಮಾಡಿಸಿದವರು ಸ್ವತಃ ಇವರೇ. ಆ ವಿಷಯವನ್ನು ಮನೆಯಲ್ಲಿ ಎತ್ತಬಾರದು. ಹೆಂಡತಿ ಕಮಲಾಕ್ಷಮ್ಮ ದಿನಾ ಎತ್ತುತ್ತಿದ್ದರು.)

ಅಂಥ ದಿನವೇ ಕಮಲಾಕ್ಷಮ್ಮನವರ ತಮ್ಮ ಕೊಟ್ರಪ್ಪ ಕೊಟ್ಟೂರಿನಿಂದ ಬರುವವನಿದ್ದ. ಎರಡು ವರ್ಷದ ಹಿಂದೆ ಅವನು ಗಡ್ಡ ಬಿಟ್ಟುಕೊಂಡು ಬಂದಿದ್ದಾಗ, ಸೋಮಲಿಂಗಪ್ಪನವರು ಗುರುತು ಸಿಗದೆ ಬಾಗಿಲಲ್ಲೇ ಅರ್ಧ ಲೋಟ ನೀರು ಕೊಟ್ಟು, “ತಾವು ಯಾರು?” ಎಂದುಬಿಟ್ಟಿದ್ದರು. ಅಂದು ಮುನಿದು ಹೋದವನನ್ನು ಅಕ್ಕ ಅತ್ತು ಕರೆದು ಈಗ ಒಪ್ಪಿಸಿದ್ದರು. ಕುರುಬರಹಳ್ಳಿಯ ಈ ಬಾಡಿಗೆ ಮನೆ ಅವನಿಗೆ ಹೊಸದು. ಬೆಳಿಗ್ಗೆ ಎಂಟರ ಹೊತ್ತಿಗೆ ಸರ್ಕಲ್ಲಿನಲ್ಲಿ ಬಸ್ಸಿಳಿದು ಅವನು ಫೋನ್ ಮಾಡುವುದು, ಭಾವ ಸ್ಕೂಟರಿನಲ್ಲಿ ಹೋಗಿ ಕರೆತರುವುದು ಎಂದು ಮಾತಾಗಿತ್ತು. ಈ ಸಲವೂ ಮುನಿಸಾದರೆ ತವರಿನ ದಾರಿ ಮುಚ್ಚಿದಂತೆಯೇ ಎಂದು ಕಮಲಾಕ್ಷಮ್ಮನವರಿಗೆ ಭಯ.

“ಕಂಪ್ಯೂಟರ್ ಇರೋವಾಗ ಚಾರ್ಜರ್ ಯಾಕೆ?” ಎಂದು ಸೋಮಲಿಂಗಪ್ಪನವರು ಮೊಬೈಲಿನ ಯುಎಸ್‌ಬಿ ವೈರು ಹಿಡಿದು ಮೇಜಿನ ಕೆಳಗೆ ನುಗ್ಗಿದರು. ಸೊಂಟ ಹಿಡಿದುಕೊಂಡಿತು. ಆದರೂ ಅಲ್ಲಿಂದಲೇ ಉಪನ್ಯಾಸ ಶುರುವಾಯಿತು.

“ಇದರಲ್ಲಿ ಬರೋದು ಐದೇ ವೋಲ್ಟು ಕಣೇ. ಕಂಪ್ಯೂಟರಿನ ಶಿಸ್ತು ನೋಡು, ಯಾರೋ ಬಂದ್ರು ಅಂತ ಒಂದೇ ಸಲ ಎಲ್ಲಾ ಸುರಿಯಲ್ಲ. ಮೊದಲು ನೂರು ಮಿಲಿ ಆಂಪಿಯರ್ ಕೊಟ್ಟು, ನೀನ್ಯಾರು ಅಂತ ಕೇಳತ್ತೆ. ಫೋನು ತನ್ನ ಪರಿಚಯ ಹೇಳಿದ ಮೇಲೆ ಐನೂರು ಕೊಡತ್ತೆ.”

“ನಮ್ಮ ಕೊಟ್ರಪ್ಪನಿಗೆ ನೀವು ಮಾಡಿದ್ದೂ ಅದೇ ಅಲ್ವಾ? ನೂರು ಮಿಲಿ ನೀರು ಕೊಟ್ಟು ಯಾರು ಅಂದ್ರಿ. ಐನೂರು ಕೊಡೋ ಹೊತ್ತಿಗೆ ಅವನು ಬಸ್‌ಸ್ಟ್ಯಾಂಡಲ್ಲಿದ್ದ.”

ಸೋಮಲಿಂಗಪ್ಪನವರು ತಲೆ ಎತ್ತಿದರು, ಮೇಜು ತಾಗಿತು. ಅಷ್ಟರಲ್ಲಿ ಮೊಬೈಲಿಗೆ ಜೀವ ಬಂದು ಪರದೆಯ ಮೇಲೊಂದು ಪ್ರಶ್ನೆ ಮೂಡಿತು: ಫೋನ್ ಮೋಡೋ, ಫೈಲ್ ಟ್ರಾನ್ಸ್‌ಫರೋ?

“ಫೋನ್ ಅಂತಿರೋದು ಒತ್ತಿ. ನಮಗೆ ಬೇಕಾಗಿರೋದು ಫೋನ್ ತಾನೆ?”

“ನಿನಗೆ ಗೊತ್ತಾಗಲ್ಲ ಸುಮ್ನಿರು. ಟ್ರಾನ್ಸ್‌ಫರ್ ಅಂದ್ರೆ ಅಲ್ಲಿಂದ ಇಲ್ಲಿಗೆ ಕಳ್ಸೋದು. ಕರೆಂಟು ಅಲ್ಲಿಂದ ಇಲ್ಲಿಗೆ ಬರಬೇಕೋ ಬೇಡ್ವೋ?”

ಒತ್ತಿದರು. ಬ್ಯಾಟರಿಯ ಗೆರೆ ಏರತೊಡಗಿತು. ಎಂಟು ಹೊಡೆಯಿತು, ಒಂಬತ್ತೂ ಹೊಡೆಯಿತು. ಶಾವಿಗೆ ಪಾಯಸ ಆರಿ ಗಟ್ಟಿಯಾಯಿತು. ಗೆರೆ ತುಂಬಿದರೂ ಫೋನು ಮಾತ್ರ ಬಾಯಿ ಬಿಡಲಿಲ್ಲ.

“ಮತ್ತೆ ಮುನಿಸ್ಕೊಂಡ್ನಾ ರೀ?” ಎಂದು ಕಮಲಾಕ್ಷಮ್ಮ ಸಣ್ಣ ದನಿಯಲ್ಲಿ ಕೇಳಿದರು. ಅವರು ಬೈದಿದ್ದರೇ ವಾಸಿ ಎನ್ನಿಸಿತು ಸೋಮಲಿಂಗಪ್ಪನವರಿಗೆ. ನಿಜಕ್ಕೂ ಸಂಕಟವಾಯಿತು.

ಹತ್ತೂವರೆಗೆ ಗೇಟು ಸದ್ದಾಯಿತು. ಹೆಗಲ ಮೇಲೆ ಮಂಡಕ್ಕಿ ಚೀಲ ಹೊತ್ತು ಬೆವರುತ್ತ ಕೊಟ್ರಪ್ಪ ನಿಂತಿದ್ದ.

“ಹದಿನೇಳು ಸಲ ಫೋನ್ ಮಾಡೀನಿ ಭಾವಾ! ಸ್ವಿಚ್ಚಾಫ್ ಅಂತಾಳ ಆಕಿ.”

“ಸ್ವಿಚ್ಚಾಫಾ? ಫುಲ್ ಚಾರ್ಜ್ ಇದೆ, ನೋಡು ಬಾ!”

ಕೊಟ್ರಪ್ಪ ನೋಡಿದ. “ಫೈಲ್ ಟ್ರಾನ್ಸ್‌ಫರ್ ಯಾಕ ಒತ್ತೀರಿ? ಅದನ್ನ ಒತ್ತಿದ್ರ ಈ ಮಾಡಲ್‌ನಾಗ ಫೋನ್ ಬಂದ್ ಆಗ್ತೈತಿ. ಫೋನ್ ಮೋಡ್ ಒತ್ತಿದ್ರೂ ಚಾರ್ಜ್ ಆಗ್ತಿತ್ತು.”

ಕಮಲಾಕ್ಷಮ್ಮ ಗಂಡನ ಮುಖ ನೋಡಿದರು. ಸೋಮಲಿಂಗಪ್ಪನವರು ಮಾತು ಬದಲಿಸಿದರು. “ಮತ್ತೆ ಮನೆ ಹೆಂಗೆ ಸಿಕ್ತಪ್ಪಾ?”

“ಸರ್ಕಲ್‌ನಾಗ ಇಸ್ತ್ರಿ ಅಂಗಡಿಯವನ್ನ ಕೇಳಿದೆ. ನಿಮ್ಮ ಹೆಸರು ಹೇಳಿದೆ, ಗೊತ್ತಾಗಲಿಲ್ಲ. ಕನ್ನಡಕ ಅಂದೆ, ಸ್ಕೂಟರ್ ಅಂದೆ, ಊಹೂಂ. ಕಡೀಕ, ಕೇಳದಿದ್ರೂ ಎಲ್ಲಾ ವಿವರಿಸಿ ಹೇಳ್ತಾರಲ್ಲ, ಅವರು ಅಂದೆ. ‘ಅಯ್ಯೋ, ಅವರಾ’ ಅಂತ ಕೈ ಹಿಡ್ಕೊಂಡು ಬಂದು ಗೇಟಿಗೆ ಬಿಟ್ಟ ನೋಡ್ರಿ.”

ಅಕ್ಕ ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕರು. ಎರಡು ವರ್ಷದ ಮುನಿಸು ಅಲ್ಲಿಗೆ ಮುಗಿಯಿತು. ಸೋಮಲಿಂಗಪ್ಪನವರು ಸೊಂಟ ಹಿಡಿದುಕೊಂಡು ಒಳಗೆ ಹೋಗಿ, ತುಂಬಿದ ಚೊಂಬು ನೀರು ತಂದು ಭಾವಮೈದನ ಕೈಗಿಟ್ಟರು.

“ಏನ್ರೀ,” ಎಂದರು ಕಮಲಾಕ್ಷಮ್ಮ ಕಣ್ಣೊರೆಸಿಕೊಳ್ಳುತ್ತ, “ಪರಿಚಯ ಕೇಳದೇನೇ ಪೂರ್ತಿ ಐನೂರೂ ಕೊಟ್ಟುಬಿಟ್ರಲ್ಲ!”