ಲಾಂಡ್ರಿಯಲ್ಲಿ ಹದಿನಾಲ್ಕು ಸೊನ್ನೆ

"ಯಾರೂ ಇಲ್ವಾ?"

ಗಿರಾಕಿಗಳು ಅಂಗಡಿಯೊಳಕ್ಕೆ ಬಂದು, ಕೌಂಟರಿನ ಹಿಂದೆ ಕುರ್ಚಿಯ ತುಂಬ ಕೂತಿರುವ ನನ್ನನ್ನು ಕಣ್ಣಾರೆ ಕಂಡು, ನನ್ನನ್ನೇ ಕೇಳುವ ಪ್ರಶ್ನೆ ಇದು. ಎಂಬತ್ತೆರಡು ಕಿಲೋ ತೂಗುವ ಮನುಷ್ಯನಿಗೆ ಕೇಳುವ ಮಾತೇ? ಲಾಂಡ್ರಿ ನನ್ನ ಹೆಂಡತಿಯದು, ಅವಳಿಗೆ ಅವಳ ಅಮ್ಮನಿಂದ ಬಂದದ್ದು. (ಒಮ್ಮೆ ಬಾಯಿ ತಪ್ಪಿ 'ನಮ್ಮ ಲಾಂಡ್ರಿ' ಅಂದಿದ್ದೆ. ಅತ್ತೆ ಆಸ್ಪತ್ರೆಯ ಮಂಚದಿಂದ ತಲೆಯೆತ್ತಿ ನೋಡಿದ ನೋಟ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ.) ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಬೋಲ್ಟುಗಳ ದಪ್ಪ ಅಳೆದವನು ನಾನು. ಕಾರ್ಖಾನೆ ಮುಚ್ಚಿತು. ಅಂದಿನಿಂದ ಈ ಕುರ್ಚಿ. ಅದರಲ್ಲಿ ಕೂರಲು ಅಪ್ಪಣೆ ಇತ್ತು, ಕೂತು ಏನನ್ನಾದರೂ ತೀರ್ಮಾನಿಸಲು ಇರಲಿಲ್ಲ. ಹ್ಯಾಂಗರ್ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಎಂಬಷ್ಟು ಸಣ್ಣ ವಿಷಯಕ್ಕೂ ಗಿರಾಕಿ "ಒಳಗಡೆ ಕೇಳಿ ಹೇಳಿ" ಅನ್ನುತ್ತಿದ್ದ. ಹೊಟ್ಟೆ ಉರಿಯದೆ ಏನು ಮಾಡೀತು?

ಆಗ ವರ್ತಕರ ಸಂಘದವರು 'ಸಣ್ಣ ವ್ಯಾಪಾರಿಗಳಿಗೆ ಸಂಖ್ಯಾಶಾಸ್ತ್ರ' ಎಂದು ಹತ್ತು ದಿನದ ತರಗತಿ ನಡೆಸಿದರು. ನಾನು ಸೇರಿದೆ. ಸರಾಸರಿ ಕಲಿತೆ, ಸಂಭವನೀಯತೆ ಕಲಿತೆ. ಅಂದಾಜಿನ ಮೇಲೆ ವ್ಯಾಪಾರ ಮಾಡುವವರು ಕಣ್ಣು ಕಟ್ಟಿಕೊಂಡು ರಸ್ತೆ ದಾಟುವವರು ಎಂದರು ಮೇಷ್ಟರು. ನನಗೆ ತಕ್ಷಣ ಹೆಂಡತಿಯ ಮುಖ ಕಣ್ಣಮುಂದೆ ಬಂತು. ಹನ್ನೊಂದನೆಯ ದಿನ ಒಂದು ದಪ್ಪ ನೋಟ್‌ಬುಕ್ ಕೊಂಡೆ.

ಅವಳ ಪದ್ಧತಿ ಹೀಗಿತ್ತು. ಟಿಕೆಟ್ಟಿನ ಮೇಲೆ ಗುರುವಾರ ಎಂದು ಬರೆದರೆ, ಬುಧವಾರ ಸಂಜೆಗೇ ಬಟ್ಟೆ ಒಗೆದು, ಇಸ್ತ್ರಿಯಾಗಿ, ಚೀಟಿ ಸಮೇತ ಕಂಬಿಯ ಮೇಲೆ ನೇತಾಡಬೇಕು. ಯಾಕೆ? ಅವಳ ಅಮ್ಮ ಹಾಗೆ ಮಾಡುತ್ತಿದ್ದರು. ಅದಕ್ಕಿಂತ ದೊಡ್ಡ ಶಾಸ್ತ್ರ ಆ ಮನೆಯಲ್ಲಿ ಇಲ್ಲ. ನಾನು ಮೂರು ತಿಂಗಳು ಯಾರು ಯಾವ ದಿನ ಬಂದು ಬಟ್ಟೆ ಒಯ್ದರು, ಯಾವ ದಿನ ಎಷ್ಟು ಹೊಸ ಬಟ್ಟೆ ಬಂತು, ಎಲ್ಲ ಬರೆದಿಟ್ಟೆ. ಹೇಳಿದ ದಿನವೇ ಬರುವವರು ನೂರಕ್ಕೆ ಹದಿನೆಂಟು. ಉಳಿದವರು ಸರಾಸರಿ ನಾಲ್ಕು ದಿನ ತಡ. ಅಂದರೆ ನನ್ನ ಹೆಂಡತಿ ಮೂವತ್ತು ವರ್ಷದಿಂದ ಕಂಬಿಗೆ ಸೇವೆ ಮಾಡುತ್ತಿದ್ದಾಳೆ.

ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿ ನನ್ನ ಮಹಾಯೋಜನೆಯನ್ನು ಮಂಡಿಸಿದೆ. ಹೇಳಿದ ದಿನ ಬಂದ ಮೇಲೆ ಒಗೆಯಲು ಶುರುಮಾಡೋಣ. ಇಸ್ತ್ರಿ ಅಕ್ಕ ವಾರಕ್ಕೆ ಆರು ದಿನ ಬರುವ ಬದಲು ಮೂರು ದಿನ ಬಂದರೆ ಸಾಕು. (ಇಸ್ತ್ರಿ ಅಕ್ಕ ಅತ್ತೆಯ ಕಾಲದವರು, ಹತ್ತೊಂಬತ್ತು ವರ್ಷದಿಂದ ಒಂದೇ ಮೇಜಿನ ಮುಂದೆ ನಿಂತವರು. ನಾನು ಒಳಗೆ ಹೋದರೆ ಹಬೆಯ ಮರೆಯಿಂದ ಒಮ್ಮೆ ನೋಡಿ ಕಾಲರು ತಿರುವಿ ಹಾಕುತ್ತಿದ್ದರು.) ಹೆಂಡತಿ ಎಲ್ಲ ಕೇಳಿದಳು. ತನ್ನ ತಂಗಿಯ ಮುಂದೆ ನನ್ನನ್ನು ಒಂದು ಸಲವಾದರೂ ಹೊಗಳಬೇಕೆಂಬ ಆಸೆಯೋ, ನನ್ನ ಮುಖದ ಮೇಲಿನ ಕಳೆ ನೋಡಿ ಮರುಕವೋ ಗೊತ್ತಿಲ್ಲ, ಒಂದೇ ಒಂದು ಪ್ರಶ್ನೆ ಕೇಳಿದಳು.

"ಎಲ್ರೂ ಒಂದೇ ದಿನ ಬಂದ್ರೆ ಏನ್ ಮಾಡ್ತೀರಿ?"

ಇದಕ್ಕಾಗಿಯೇ ನಾನು ಕಾದಿದ್ದೆ. ಒಬ್ಬ ಹೇಳಿದ ದಿನವೇ ಬರುವ ಸಾಧ್ಯತೆ ಸೊನ್ನೆ ಬಿಂದು ಒಂದು ಎಂಟು. ಇಪ್ಪತ್ತು ಜನ ಒಟ್ಟಿಗೆ ಬರಬೇಕಾದರೆ ಅದನ್ನು ಇಪ್ಪತ್ತು ಸಲ ಗುಣಿಸಬೇಕು. ಗುಣಿಸಿದೆ. ಬಿಂದುವಿನ ಮುಂದೆ ಹದಿನಾಲ್ಕು ಸೊನ್ನೆ ಬಂದು, ಆಮೇಲೆ ಒಂದು ಬಡಪಾಯಿ ಒಂದು ಬಂತು. ಭೂಮಿ ಹುಟ್ಟಿದಂದಿನಿಂದ ರಜೆಯಿಲ್ಲದೆ ದಿನಾ ಲಾಂಡ್ರಿ ತೆರೆದಿದ್ದರೂ ಅಂಥ ದಿನ ಬಂದಿರುತ್ತಿರಲಿಲ್ಲ ಎಂದು ಅವಳಿಗೆ ಹೇಳಿದೆ. ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಕೌಂಟರಿನ ಹಿಂದಿನ ಗೋಡೆಗೆ ಅಂಟಿಸಿದೆ. ಅವಳು ನಿಟ್ಟುಸಿರು ಬಿಟ್ಟು ಒಪ್ಪಿದಳು. ಇಸ್ತ್ರಿ ಅಕ್ಕನಿಗೆ ಸಂಗತಿಯನ್ನು ನಾನೇ ಅಂಕಿಅಂಶ ಸಮೇತ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, ಇಸ್ತ್ರಿಯ ಸ್ವಿಚ್ಚು ಆರಿಸಿದರು. ಎರಡು ವಾರ ಮೂರು ಮೂರು ದಿನ ಬಂದು, ಆಮೇಲೆ ಒಂದು ಹೋಟೆಲಿನ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಲು ಹೊರಟುಹೋದರು. ಅವರ ಕೆಲಸ ಹೆಂಡತಿಯ ಮೇಲೆ ಬಿತ್ತು. ಅದನ್ನು ನಾನು ನೋಟ್‌ಬುಕ್ಕಿನಲ್ಲಿ 'ಉಳಿತಾಯ' ಎಂದು ಬರೆದುಕೊಂಡೆ.

ಮೂರು ತಿಂಗಳು ನಾನೇ ರಾಜ. ಗಿರಾಕಿಗಳು ಬಟ್ಟೆ ಸಿದ್ಧವಿಲ್ಲವೆಂದು ಮುಖ ಸಿಂಡರಿಸಿದರೆ ಅವರಿಗೂ ಸರಾಸರಿಯನ್ನು ತಿಳಿಸಿಕೊಡುತ್ತಿದ್ದೆ. ಕ್ಷೌರದಂಗಡಿಯವನಿಗೆ ಒಂದು ದಿನ ಮುಕ್ಕಾಲು ಗಂಟೆ ಪಾಠ ಮಾಡಿದೆ. ಬೇರೆಯವರ ತಲೆ ಹಿಡಿದುಕೊಂಡು ಮಾತಾಡುವವನು, ಅವತ್ತು ತನ್ನದನ್ನೇ ಹಿಡಿದುಕೊಂಡು ಹೋದ.

ಒಂದು ಸೋಮವಾರ ಸಂಜೆ ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರು ತೀರಿಕೊಂಡರು.

ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಒಂಬತ್ತು ಜನ. ಹತ್ತು ಗಂಟೆಗೆ ಮೂವತ್ತೊಂದು. ಔಷಧಿ ಅಂಗಡಿಯವನು, ಬ್ಯಾಂಕಿನ ಗುಮಾಸ್ತೆ, ಕ್ಷೌರದಂಗಡಿಯವನು, ಎಲ್ಲರೂ ಅವರ ಕೈಯಲ್ಲಿ ಏಟು ತಿಂದು ಮನುಷ್ಯರಾದವರು. ಎಲ್ಲರಿಗೂ ಮಧ್ಯಾಹ್ನ ಎರಡು ಗಂಟೆಯ ಅಂತಿಮಯಾತ್ರೆಗೆ ಮಡಿಕೆ ಮುರಿಯದ ಬಟ್ಟೆ ಬೇಕು. ಮೂವತ್ತೊಂದು ಜನ ಬೇರೆ ಬೇರೆ ಬಂದಿರಲಿಲ್ಲ, ಒಬ್ಬ ಮನುಷ್ಯನಿಗಾಗಿ ಒಟ್ಟಿಗೆ ಬಂದಿದ್ದರು. ಇದನ್ನು ನಾನು ಗುಣಿಸಿರಲಿಲ್ಲ. ಒಬ್ಬರ ಬರವು ಇನ್ನೊಬ್ಬರ ಬರವಿಗೆ ಸಂಬಂಧಪಡದಿದ್ದರೆ ಮಾತ್ರ ಗುಣಿಸಬೇಕು ಎಂದು ತರಗತಿಯ ಏಳನೆಯ ದಿನ ಹೇಳಿದ್ದರಂತೆ. ಏಳನೆಯ ದಿನ ನನಗೆ ಹಲ್ಲುನೋವು.

ಕ್ಷೌರದಂಗಡಿಯವನು ಗೋಡೆಯ ಕಡೆ ನೋಡಿ, "ಇದೇನ್ ಸಾರ್, ದೂರು ಕೊಡೋ ಫೋನ್ ನಂಬರಾ?" ಎಂದು ಕೇಳಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಹೆಡ್‌ಮಾಸ್ತರ ಮಗಳು ಬಂದಳು. ಜನ ದಾರಿ ಬಿಟ್ಟರು. ಅವಳ ಕೈಯಲ್ಲಿ ಶನಿವಾರದ ಟಿಕೆಟ್ಟು. ಶನಿವಾರ ಬಂದಿದ್ದಳು, ಸೋಮವಾರ ಬಾ ಅಂದಿದ್ದೆ. ಸೋಮವಾರ ಬಂದಿದ್ದಳು, ಬುಧವಾರ ಬಾ ಅಂದಿದ್ದೆ, ಸರಾಸರಿಯ ಬಗ್ಗೆ ಎರಡು ಮಾತು ಕೂಡ ಸೇರಿಸಿ. ಅದು ಅವಳ ಅಪ್ಪ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಬೂದು ಕೋಟು. ಅದು ಒಳಗೆ ಕೊಳೆ ಬಟ್ಟೆಯ ಬುಟ್ಟಿಯಲ್ಲಿ, ಯಾರದೋ ಪರದೆಯ ಕೆಳಗೆ ಬಿದ್ದಿತ್ತು.

"ಅಪ್ಪ ನಿನ್ನೆ ಮಧ್ಯಾಹ್ನನೂ ಕೇಳಿದ್ರು, ಕೋಟು ಬಂತಾ ಅಂತ," ಅಂದಳು. ಬೈಯಲಿಲ್ಲ, ಸುಮ್ಮನೆ ಹೇಳಿದಳು.

ನೂರಕ್ಕೆ ಹದಿನೆಂಟು ಜನ ಹೇಳಿದ ದಿನವೇ ಬರುತ್ತಾರೆ ಎಂದು ನಾನೇ ಬರೆದಿದ್ದೆನಲ್ಲ, ಹೆಡ್‌ಮಾಸ್ತರು ಆ ಹದಿನೆಂಟರಲ್ಲಿ ಒಬ್ಬರು. ಒಂದು ದಿನವೂ ತಡ ಮಾಡಿದವರಲ್ಲ. ನನಗೆ ಗುಣಾಕಾರ ಕಲಿಸಿದವರೂ ಅವರೇ.

ಹೆಂಡತಿ ನನ್ನ ಕಡೆ ತಿರುಗಿಯೂ ನೋಡದೆ ಫೋನ್ ಎತ್ತಿದಳು. ಇಪ್ಪತ್ತು ನಿಮಿಷದಲ್ಲಿ ಇಸ್ತ್ರಿ ಅಕ್ಕ ಹೋಟೆಲಿನ ಸಮವಸ್ತ್ರದಲ್ಲೇ ಬಂದರು. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಒಳಗೆ ಕಾಲಿಟ್ಟವರು "ಮೇಷ್ಟ್ರ ಕೋಟೆಲ್ಲಿ?" ಎಂದಷ್ಟೇ ಕೇಳಿ ತೋಳಿನ ಕಲೆಗೆ ಕೈಹಾಕಿದರು. ಆಮೇಲೆ ಮೂರೂವರೆ ಗಂಟೆ ಕಾಲ ಆ ಇಬ್ಬರು ಹೆಂಗಸರು ಹಬೆಯಲ್ಲಿ ಬೆಂದರು. ನಾನು ಹ್ಯಾಂಗರ್ ಹಿಡಿದುಕೊಂಡು ನಿಂತಿದ್ದೆ. ಕೋಟು ಹನ್ನೆರಡಕ್ಕೇ ಹೋಯಿತು. ಎರಡು ಗಂಟೆಗೆ ಇಪ್ಪತ್ತಾರು ಜನ ನೆಟ್ಟಗಿನ ಬಟ್ಟೆಯಲ್ಲಿ ಹೊರಟರು. ಐದು ಜನಕ್ಕೆ ಆಗಲಿಲ್ಲ. ಆರನೆಯವನು ನಾನು, ನನ್ನ ಅಂಗಿಯೂ ಅದೇ ಬುಟ್ಟಿಯಲ್ಲಿತ್ತು. ಮೈಮೇಲಿದ್ದುದರಲ್ಲೇ ಹೋಗಿ ಎಲ್ಲರ ಹಿಂದೆ ನಿಂತೆ.

ಇಸ್ತ್ರಿ ಅಕ್ಕ ಮರಳಿ ಬರಲು ಒಪ್ಪಿದರು. ವಾರಕ್ಕೆ ಆರು ದಿನ ಕೆಲಸ, ಮತ್ತು ಯಾರೂ ತಮಗೆ ಏನನ್ನೂ ವಿವರಿಸಕೂಡದು ಎಂಬ ಷರತ್ತು. ಆ 'ಯಾರೂ' ಯಾರೆಂದು ಹೇಳಬೇಕಾಗಿಲ್ಲ. ಗೋಡೆಯ ಚೀಟಿಯನ್ನು ನಾನೇ ಕಿತ್ತೆ. ಇಷ್ಟಕ್ಕೆ ಮುಗಿಯಿತು, ಕುರ್ಚಿ ಉಳಿಯಿತು ಅಂದುಕೊಂಡೆ. ಆದರೆ ನನ್ನ ಹೆಂಡತಿ ಮೂರು ಮಧ್ಯಾಹ್ನ ಕೂತು ನನ್ನ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದಳು. ಮದುವೆಯಾದ ಮೇಲೆ ನನ್ನ ಬರವಣಿಗೆಯನ್ನು ಅವಳು ಅಷ್ಟು ಗಮನವಿಟ್ಟು ಓದಿದ್ದು ಅದೇ ಮೊದಲು.

"ರೀ, ಬುಧವಾರ ನೀವು ಸೋಪು ತರೋಕೆ ಪೇಟೆಗೆ ಹೋಗ್ತೀರಲ್ಲ," ಅಂದಳು. "ಇಪ್ಪತ್ತಾರು ವಾರದಲ್ಲಿ ಇಪ್ಪತ್ನಾಲ್ಕು ವಾರ ಬುಧವಾರಾನೇ ಜಾಸ್ತಿ ಬಟ್ಟೆ ಬಂದಿದೆ. ಯಾಕೆ?"

ಆಕಸ್ಮಿಕ ಇರಬಹುದು ಅಂದೆ. ಲೆಕ್ಕ ಹಾಕಿ ನೋಡಿ ಅಂದಳು. ಹಾಕಿದೆ. ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ ಲಕ್ಷಕ್ಕೆ ಒಂದೂ ಇಲ್ಲ. ಎಷ್ಟು ಸಲ ಹಾಕಿದರೂ ಅಷ್ಟೇ. ಬೀದಿಯವರೆಲ್ಲ ನಾನಿಲ್ಲದ ದಿನ ನೋಡಿಕೊಂಡು ಬಟ್ಟೆ ತರುತ್ತಿದ್ದರು. ಆದರೂ ಸುಲಭಕ್ಕೆ ಸೋಲೊಪ್ಪುವವನೇ ನಾನು? ಬುಧವಾರಕ್ಕೇ ಏನೋ ಗುಣವಿರಬಹುದು, ಯಾವ ದಿನ ನಾನಿರಬೇಕು ಯಾವ ದಿನ ಇರಬಾರದು ಎಂಬುದನ್ನು ನಾಣ್ಯ ಚಿಮ್ಮಿ ಗೊತ್ತುಮಾಡಿ ಪರೀಕ್ಷಿಸಿದರೆ ಮಾತ್ರ ಶಾಸ್ತ್ರೀಯ ಎಂದು ವಾದಿಸಿದೆ. ಅವಳು ತಕ್ಷಣ ಒಪ್ಪಿದಳು. ಆ ತಕ್ಷಣದ ಬಗ್ಗೆ ನಾನು ಆಗಲೇ ಯೋಚಿಸಬೇಕಿತ್ತು.

ಈಗ ದಿನಾ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ನಾಣ್ಯ ಚಿಮ್ಮುತ್ತಾಳೆ. ತಲೆ ಬಿದ್ದರೆ ನಾನು ಅಂಗಡಿಗೆ, ಅಂಕಿ ಬಿದ್ದರೆ ಮನೆಯಲ್ಲಿ. ನಾನು ಹಾಲ್‌ನಲ್ಲಿ ಚಪ್ಪಲಿ ಮೆಟ್ಟಿಕೊಂಡು ಕಾಯುತ್ತೇನೆ. ಹದಿನೇಳು ದಿನದಿಂದ ಸತತವಾಗಿ ಅಂಕಿ ಬೀಳುತ್ತಿದೆ. ಮೋಸವಿಲ್ಲದ ನಾಣ್ಯದಲ್ಲಿ ಹಾಗಾಗುವುದು ಲಕ್ಷದ ಮೂವತ್ತೊಂದು ಸಾವಿರ ಚಿಲ್ಲರೆಗೆ ಒಂದು ಸಲ. ನಿನ್ನೆ ತಡೆಯಲಾರದೆ ಅಡುಗೆಮನೆಯ ಬಾಗಿಲಿಗೆ ಹೋಗಿ ಅದನ್ನು ಅವಳಿಗೆ ಹೇಳಿಯೇಬಿಟ್ಟೆ.

ಅವಳು ಕೈಚೀಲ ಹೆಗಲಿಗೇರಿಸಿಕೊಳ್ಳುತ್ತಿದ್ದಳು. "ಒಂದ್ ಸಲ ಆಗಬಹುದು ತಾನೇ?" ಅಂದಳು.

ಆಗಬಹುದು, ಅಂದೆ. ನಾಣ್ಯ ತೋರಿಸು ಎಂದು ಕೇಳಲಿಲ್ಲ. ಕೇಳಿದರೆ ಅವಳು ತೋರಿಸಿಬಿಡುತ್ತಾಳೆ ಎಂಬ ಭಯ ನನಗೆ. ಅವಳು ಬೀದಿಯ ತಿರುವು ದಾಟುವವರೆಗೂ ಕಿಟಕಿಯಲ್ಲಿ ನಿಂತಿದ್ದು, ಚಪ್ಪಲಿ ಬಿಚ್ಚಿಟ್ಟು, ನೋಟ್‌ಬುಕ್ಕಿನಲ್ಲಿ ಅವತ್ತಿನ ತಾರೀಕಿನ ಮುಂದೆ ಅಂಕಿ ಎಂದು ಬರೆದೆ.