ಮೊಳಕೆ ಬಾರದ ಬಟಾಟಿಯ ಮೇಲೆ ಸಂಶಯ

ಬಟಾಟಿಗೆ ಮೊಳಕೆ ಬಂದರೂ ಬೈಸಿಕೊಳ್ಳಬೇಕು, ಬರದಿದ್ದರೂ ಬೈಸಿಕೊಳ್ಳಬೇಕು. ನಮ್ಮ ಕೆಲಸದಲ್ಲಿ ಇದು ನಡೆದೇ ಇರುತ್ತದೆ. ಬಟಾಟಿ ಎಂದರೆ ಆಲೂಗಡ್ಡೆ. ಕೆಲಸ ಎಂದರೆ ಬೆಳಗಾವಿಯ ಒಂದು ಕೋಲ್ಡ್ ಸ್ಟೋರೇಜಿನ ಮ್ಯಾನೇಜರಿಕೆ. ಕೋಲ್ಡ್ ಸ್ಟೋರೇಜ್ ಎಂದರೆ, ರೈತರ ಮಾಲು ಮೊಳಕೆ ಒಡೆಯದಂತೆ ತಂಪಿನಲ್ಲಿ ಇಡುವ ದೊಡ್ಡ ಕೋಣೆ. ಇಷ್ಟು ಹೇಳದಿದ್ದರೆ ಮುಂದೆ ಗೊಂದಲವಾಗುತ್ತದೆ.

ಈ ಸಲ ಖಾನಾಪುರ ಕಡೆಯ ಒಬ್ಬ ಕಾಕಾ ನಮ್ಮಲ್ಲಿ ಬಟಾಟಿ ಇಟ್ಟರು. ಅವರ ಊರಿನಲ್ಲಿ ಅವರ ಮಾತೇ ಮಾತು, ಅವರನ್ನು ನೋಡಿ ಊರವರೂ ತಮ್ಮ ಚೀಲ ತಂದಿಟ್ಟರು. "ಅವರು ಚೀಲಾ ಎತ್ತಿದ್ರ ಇಡೀ ಊರ ಎತ್ತತೈತಿ. ಆಮ್ಯಾಲೆ ನೀ ಇಲ್ಲಿ ಕುಂತು ಏನ ಕಾಯಾಂವ?" ಎಂದು ಮಾಲಕರು ನನ್ನನ್ನು ಎಚ್ಚರಿಸಿದ್ದರು.

ಕತ್ತಲೆ

ಕಾಕಾ ಕೋಣೆಯ ಬಾಗಿಲಲ್ಲಿ ಇಣುಕಿ, "ಲೈಟ್ ಯಾಕ ಹಚ್ಚಿಲ್ರಿ?" ಎಂದರು.

ಬೆಳಕು ಬಿದ್ದರೆ ಬಟಾಟಿ ಹಸಿರಾಗುತ್ತದೆ, ಹಸಿರಾದರೆ ಕಹಿ, ತಿನ್ನಬಾರದು ಎಂದು ವಿವರವಾಗಿ ಹೇಳಿದೆ. "ಅದಕ್ಕ ಕತ್ತಲಿ ಬೇಕ್ರಿ ಕಾಕಾ."

"ಬೇಕಾದ್ದು ಬಟಾಟಿಗೋ, ಕಳ್ಳಗೋ?"

ಅಣ್ಣ-ತಮ್ಮ

ಮುಂದಿನ ಸಲ ಕೈಚೀಲದಿಂದ ಒಂದು ಬಟಾಟಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮನೆಯಲ್ಲಿ ಮಂಚದ ಕೆಳಗೆ ಇಟ್ಟಿದ್ದು. ಉದ್ದುದ್ದ ಮೊಳಕೆ ಬಂದಿತ್ತು. ಬಾಜುವಿಗೆ ನಮ್ಮ ಕೋಣೆಯದೊಂದು.

"ಇವಾ ಅಣ್ಣ, ಇವಾ ತಮ್ಮ. ಒಂದ ಹೊಲದಾಗ ಹುಟ್ಟ್ಯಾರ. ಅಣ್ಣಗ ಗಡ್ಡಾ ಎದಿಮಟ ಬಂದೈತಿ. ತಮ್ಮಗ ಮೀಸಿನೂ ಇಲ್ಲ. ಖರೇ ಹೇಳ್ರಿ, ಮಾಲು ಬದಲಿ ಮಾಡೀರಿಲ್ಲೋ?"

"ಇಲ್ರಿ ಕಾಕಾ, ತಂಪಿಗೆ ಬಟಾಟಿ ಮಲಗತೈತಿ. ಮಲಗಿದ್ದಕ್ಕ ಮೊಳಕಿ ಬರೂದಿಲ್ಲ."

"ಥಂಡಿಯೊಳಗ ನಾನೂ ಮಲಗತೇನಿ. ಎದ್ದ ಮ್ಯಾಲೆ ಗಡ್ಡಾ ಇರೂದಿಲ್ಲೇನು?"

ಪರೀಕ್ಷೆಗೆಂದು ನಮ್ಮ ಕೋಣೆಯಿಂದ ತಮ್ಮದೊಂದು ಚೀಲ ಬಸ್ಸಿಗೆ ಹಾಕಿಕೊಂಡು ಹೋದರು.

ಪಲ್ಲೆ

ಮರುದಿನ ಕಾಕಾನ ಜೊತೆ ಅವರ ಹೆಂಡತಿ ಕಾಕೂನೂ ಬಂದರು, ಡಬ್ಬಿಯಲ್ಲಿ ಆ ಚೀಲದ ಬಟಾಟಿ ಪಲ್ಲೆ ತಂದರು.

"ತಿನ್ರಿ" ಎಂದರು ಕಾಕೂ. ಹೇಳಿದ ರೀತಿಗೆ ಹೆದರಿ ತಿಂದೆ. ಸಿಹಿ.

ತಂಪಿನಲ್ಲಿದ್ದಾಗ ಬಟಾಟಿಯ ಪಿಷ್ಟ ಸ್ವಲ್ಪ ಸಕ್ಕರೆಯಾಗುತ್ತದೆ, ಕೆಲವು ದಿನ ಹೊರಗಿಟ್ಟರೆ ಸಿಹಿ ಕಡಿಮೆಯಾಗುತ್ತದೆ. ಇದು ನಿಜ, ಅದನ್ನೇ ಹೇಳಿದೆ.

ಕಾಕೂ ಡಬ್ಬಿ ಮುಚ್ಚಿದರು. "ಸಕ್ಕರಿ ನೀವೂ ಹಾಕಿಲ್ಲ, ನಾನೂ ಹಾಕಿಲ್ಲ, ತಾನ ಹಾಕ್ಕೊಂಡೈತಿ. ಹಂಗಾರ ಉಪ್ಪು-ಖಾರಾನೂ ಹಾಕ್ಕೊಂಡ ಬಾ ಅಂತ ಹೇಳ್ರಿ, ನನಗ ಒಲಿ ಮುಂದಿನ ಕೆಲಸ ತಪ್ಪತೈತಿ."

ಹೋಗುವಾಗ ಕಾಕಾ, "ಚೀಲಾ ಎತ್ತೂ ದಿನಾ ತಿಳಸ್ತೇನಿ" ಎಂದರು. ಅಂದಿನಿಂದ ನನಗೆ ಊಟ ಸೇರಲಿಲ್ಲ.

ಸಿಕ್ಕ ಮಾಲು

ಕೆಲವು ವಾರಗಳ ನಂತರ ಕಾಕಾ ಪರೀಕ್ಷೆಗೆ ಒಯ್ದಿದ್ದ ಅದೇ ಚೀಲ ಹೊತ್ತು ಬಂದರು. ಮಾಲಕರೂ ಅಲ್ಲೇ ಕುಳಿತಿದ್ದರು.

"ಸಾಹೇಬ್ರ, ನನ್ನ ಬಟಾಟಿ ಸಿಕ್ಕಾವು!"

"ಎಲ್ಲ್ರಿ?" ಎಂದೆ.

"ನನ್ನ ಮನ್ಯಾಗ!"

ಚೀಲ ಸುರಿದರು. ಎಲ್ಲಕ್ಕೂ ಮೊಳಕೆ. "ಪಲ್ಲೇನೂ ಸಿಹಿ ಇಲ್ಲ. ಇವು ನನ್ನವು."

ಬೆಚ್ಚಗೆ ಇಟ್ಟಿದ್ದಕ್ಕೆ ಸಿಹಿ ಇಳಿದು ಮೊಳಕೆ ಬಂದಿತ್ತು, ಅಷ್ಟೇ. ವಿವರಿಸಲು ಬಾಯಿ ತೆರೆದೆ. ಮಾಲಕರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಕಾಕಾ ಹತ್ತಿರ ಬಂದು ದನಿ ತಗ್ಗಿಸಿದರು. "ಬೀಗಾ ಮುರದಿಲ್ಲ, ನಾಯಿ ಬೊಗಳಿಲ್ಲ. ಬೆಳಗಾವಿಯಿಂದ ಬಂದು, ನಿಮ್ಮವು ಒಯ್ದು, ನನ್ನವು ಇಟ್ಟು ಹೋಗೀರಿ. ಹೆಂಗ ಬಂದ್ರಿ, ಕೇಳೂದಿಲ್ಲ."

ನಾನು ಮಾಲಕರ ಮುಖ ನೋಡಿದೆ. ಅವರು ಗೋಡೆ ನೋಡಿದರು.

"ಕದ್ದದ್ದು ಮನೀಮಟ ತಂದು ಮುಟ್ಟಸೂವಂಥಾ ಪ್ರಾಮಾಣಿಕ ಕಳ್ಳರು ಈ ಕಾಲಕ್ಕ ಎಲ್ಲಿ ಸಿಗತಾರ್ರಿ? ಊರಿನ ಚೀಲಾ ಎಲ್ಲಾ ಇಲ್ಲೇ ಇರ್ಲಿ!"